ಬಲಗಡೆಯ ಬಾಗಿಲು

ಜಂಬ ಅಂತ ತಿಳಿಯಬೇಡಿ ಮಾರಾಯ್ರೇ, ಹಳೇ ಕಾರುಗಳ ಲಾಕ್ ನನ್ನ ಮುಖ ಕಂಡರೆ ಸಾಕು, ಹೆದರಿ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಸೌದಿಯ ಉನೈಜಾದಲ್ಲಿ ಮುದುಕರೊಬ್ಬರ ಹಳೇ ಕಾಲದ ಕಾರಿಗೂ ಹಾಗೇ ಆಯಿತು. ಡ್ರೈವರ್ ಬದಿಯ, ಅಂದರೆ ಅಲ್ಲಿ ಎಡಗಡೆಯ, ಬಾಗಿಲಿನ ಲಾಕ್ ಜಾಮ್ ಆಗಿ, ಕೀ ಒಳಗೇ ಮುರಿದಿತ್ತು. ಬಿಚ್ಚಿ, ತುಕ್ಕು ತೆಗೆದು, ಹೊಸ ಕೀ ಮಾಡಿಕೊಟ್ಟೆ. ಅವರು ಕೊಟ್ಟ ಗಾವಾ ಕಾಫಿ ಇನ್ನೂ ಬಿಸಿಯಾಗಿಯೇ ಇತ್ತು.

ಮುದುಕರ ಮುಖ ಮಾತ್ರ ಬಾಡಿತು. "ಇಷ್ಟು ಬೇಗ ಮುಗಿಯಿತಾ? ಬಲಗಡೆಯದ್ದೂ ಜಾಮ್ ಆಗಿದೆ, ಸದೀಕ್. ಅದು ನನ್ನ ಗೆಳೆಯ ಹತ್ತುತ್ತಿದ್ದ ಬಾಗಿಲು. ಅವನು ಸತ್ತ ಮೇಲೆ ಯಾರೂ ಆ ಕಡೆ ಕೂತಿಲ್ಲ." ಸದೀಕ್ ಅಂದರೆ ಅರಬ್ಬಿಯಲ್ಲಿ ಗೆಳೆಯ; ಅಲ್ಲಿ ನಮ್ಮಂಥವರನ್ನೆಲ್ಲ ಹಾಗೇ ಕರೆಯುತ್ತಾರೆ.

ಆ ಕಡೆ ಹೋಗಿ ಹಿಡಿಕೆ ಎಳೆದೆ. ಬಾಗಿಲು ಸಲೀಸಾಗಿ ತೆರೆಯಿತು! ಮುದುಕರು ನನಗೆ ಬೆನ್ನು ಹಾಕಿ, ಇನ್ನೊಂದು ಲೋಟ ಗಾವಾ ಬಗ್ಗಿಸುತ್ತಿದ್ದರು. ಶುಕ್ರವಾರದ ರಜೆ, ರೂಮಿನಲ್ಲಿ ನನಗಾಗಿ ಕಾಯುತ್ತಿದ್ದದ್ದು ಎ.ಸಿ. ಒಂದೇ. ಅದೂ ಗುರ್ರೆನ್ನುತ್ತದೆ, ಮಾತಾಡುವುದಿಲ್ಲ. ಸದ್ದಾಗದಂತೆ ಬಾಗಿಲು ಮುಚ್ಚಿದೆ.

"ಇದು ಭಾರೀ ಹಠದ ಲಾಕ್, ಬಾಬಾ. ಎಣ್ಣೆ ಬಿಟ್ಟು ಸಂಜೆಯವರೆಗೆ ಕಾಯಬೇಕು."

"ಕಾಯೋಣ, ಕಾಯೋಣ. ಅವಸರ ಯಾರಿಗಿದೆ?" ಎಂದು ಖರ್ಜೂರದ ತಟ್ಟೆ ನನ್ನತ್ತ ತಳ್ಳಿ, ಗೆಳೆಯನ ಕತೆ ಶುರುಮಾಡಿದರು.

ಬಿಸಿಲಿಳಿದ ಮೇಲೆ ಇಲ್ಲದ ಬೆವರು ಒರೆಸಿಕೊಳ್ಳುತ್ತ ಆ ಬಾಗಿಲು ತೆರೆದು ಒಳಗೆ ಕೂತೆ. ಮುದುಕರು ಚಪ್ಪಾಳೆ ತಟ್ಟಿದರು.

ಲಾಕೇ ಆಗಿರದ ಬಾಗಿಲು ತೆರೆಯಲು ಇಡೀ ಮಧ್ಯಾಹ್ನ ಒದ್ದಾಡಿದ ಮೇಸ್ತ್ರಿ ಸೌದಿಯಲ್ಲಿ ಇನ್ನೊಬ್ಬನಿದ್ದರೆ ತೋರಿಸಿ ನೋಡುವಾ!