ನಾಲ್ಕನೇ ಜ್ವರದ ರಜಾ ಚೀಟಿ

ಕೇಳಿಸಿಕೊಳ್ಳುವಾಗ ಮೇಡಂ ಬಾಯಿ ತೆರೆದುಕೊಳ್ಳುತ್ತಿತ್ತು. ಎದುರಿನವರ ಮಾತು ಮುಂದುವರಿದಂತೆ ಕೆಳತುಟಿ ಇಷ್ಟಿಷ್ಟೇ ಜಾರಿ, ಕೊನೆಗೆ ಮುಂದಿನ ಎರಡು ಹಲ್ಲುಗಳ ನಡುವಿನ ಸಂದಿ ಪೂರ್ತಿ ಕಾಣುತ್ತಿತ್ತು. ಒಮ್ಮೆ ಒಳಕ್ಕೆ ನೊಣ ಹೋದದ್ದನ್ನು ನಾನೇ ಕಂಡಿದ್ದೇನೆ. ಕೆಮ್ಮಿ, ಕಣ್ಣೊರೆಸಿಕೊಂಡು, "ಹ್ಞಾಂ, ಮತ್ತೆ ಎಂತಾಯ್ತು?" ಎಂದರು.

ಸಾತನೂರಿನ ಕಡೆಯ ನಮ್ಮ ಹೈಸ್ಕೂಲಿಗೆ ಅವರನ್ನು ಯಾವುದೋ ಸಂಸ್ಥೆ ವಾರಕ್ಕೆ ಎರಡು ದಿನ ಕಳಿಸುತ್ತಿತ್ತು. ತಂದ ಕಾಗದದಲ್ಲಿ ‘ಶಾಲಾ ಸಮಾಜ ಕಾರ್ಯಕರ್ತೆ’ ಎಂದಿತ್ತು. ಹೆಡ್‌ಮಾಸ್ಟರು ‘ಸಮಾಜ’ದವರೆಗೆ ಓದಿ ಹಿಗ್ಗಿ, ಸಮಾಜ ಪಾಠಕ್ಕೆ ಮೇಷ್ಟ್ರಿಲ್ಲದೆ ಒದ್ದಾಡುತ್ತಿದ್ದ ನಮ್ಮ ಎಂಟನೇ ತರಗತಿಗೆ ನೇರ ಕರೆತಂದರು.

"ನಾನು ಪಾಠ ಮಾಡುವವಳಲ್ಲ ಸರ್, ಮಕ್ಕಳ ಹತ್ತಿರ ಮಾತಾಡುವವಳು," ಎಂದರು ಇವರು, ತಮ್ಮ ಕರಾವಳಿಯ ಕನ್ನಡದಲ್ಲಿ.

"ಮಾತಾಡಕ್ಕೆ ಸಂಬ್ಳವಾ? ನಮ್ಮೂರಲ್ಲಿ ಎಲ್ರೂ ಪುಕ್ಸಟ್ಟೆ ಮಾತಾಡ್ತಾರಲ್ರೀ!"

ಅಂದಿನಿಂದ ಅವರು ನಮಗೆ ಸಮಾಜದ ಮೇಡಂ. ಕೂರಲು ಸಿಕ್ಕಿದ್ದು ಆಟದ ಸಾಮಾನಿನ ಕೋಣೆ. ಗಾಳಿ ಹೋದ ಚೆಂಡುಗಳು, ಹರಿದ ವಾಲಿಬಾಲ್ ನೆಟ್ಟು, ಡ್ರಿಲ್ಲಿನ ದೊಡ್ಡ ಡ್ರಮ್ಮು, ಅವುಗಳ ನಡುವೆ ಒಂದು ಸ್ಟೂಲು.

ಅದು ರೇಷ್ಮೆ ಕೈಹಿಡಿದಿದ್ದ ಕಾಲ. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ನಡುಮನೆಯನ್ನು ಹುಳಕ್ಕೆ ಬಿಟ್ಟುಕೊಟ್ಟು, ಜನ ಜಗಲಿಯಲ್ಲಿ ಹೊಸ ಟೇಪ್ ರೆಕಾರ್ಡರ್ ಹಾಕಿಕೊಂಡು ಮಲಗುತ್ತಿದ್ದರು. ಹುಳ ಪೊರೆ ಬಿಡುವ ಮೊದಲು ಮೇವು ತಿನ್ನದೆ, ತಲೆಯೆತ್ತಿ, ಅಲುಗದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ತಿಂಗಳಷ್ಟು ನಡೆಯುವ ಒಂದು ಬೆಳೆಗೆ ನಾಲ್ಕು ಜ್ವರ. ನಾಲ್ಕನೆಯದು ಎದ್ದ ಮೇಲೆ ಹುಳದ ಹಸಿವಿಗೆ ಮಿತಿಯಿಲ್ಲ. ಮನೆಯ ಕೈಗಳೆಲ್ಲ ಸೊಪ್ಪು ಕುಯ್ಯಲು ಬೇಕು.

ಹಾಗಾಗಿ ನನ್ನ ರಜಾ ಚೀಟಿ ಯಾವಾಗಲೂ ಒಂದೇ: ‘ನಮ್ಮ ಮನೆಯಲ್ಲಿ ನಾಲ್ಕನೇ ಜ್ವರ. ದಯಮಾಡಿ ರಜೆ ಕೊಡಬೇಕು.’ ಊರಿನ ಮೇಷ್ಟ್ರುಗಳು ಇಂಥ ಚೀಟಿಗಳನ್ನು ಓದುತ್ತಲೇ ಇರಲಿಲ್ಲ. ಮೇಡಂ ಓದಿದರು. ಮರುದಿನ ಮಧ್ಯಾಹ್ನ ನರ್ಸಮ್ಮನನ್ನೂ ಒಂದು ಡಬ್ಬಿ ಮಾತ್ರೆಯನ್ನೂ ಕಟ್ಟಿಕೊಂಡು ನಮ್ಮ ಮನೆ ಮುಂದೆ ಬಸ್ಸಿಳಿದರು.

ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ಒಳಿಕ್ ಬರ್ಬ್ಯಾಡಿ. ಪೌಡ್ರು ವಾಸ್ನೆ ಐತೆ, ಹುಳ ಸಾಯ್ತವೆ."

"ಜ್ವರ ಎಷ್ಟು ಜನಕ್ಕಿದೆ ಅಜ್ಜಿ?"

"ಜನಕ್ಕಾ? ನಲವತ್ತು ಸಾವ್ರಕ್ಕೂ ಬಂದಿತ್ತು. ನೆನ್ನೆ ಎದ್ದವೆ. ಈಗ ಬಕಾಸುರನ್ ತರ ತಿಂತಾವೆ."

ಮೇಡಂ ಬಾಯಿ ತೆರೆದದ್ದು ತೆರೆದಂತೇ ಇತ್ತು. ಕನಕಪುರದವಳೇ ಆದ ನರ್ಸಮ್ಮ ಜಗಲಿ ಕಂಬ ಹಿಡಿದು ನಕ್ಕಳು.

ಬಂದವರು ಹಾಗೇ ಹೋಗಲಿಲ್ಲ. ತೊಟ್ಟಿಯಲ್ಲಿ ಮುಖ ತೊಳೆದು, ಜಗಲಿಯಲ್ಲಿ ಕೂತು, ಸೊಪ್ಪು ಬಿಡಿಸಿಕೊಡಲು ಶುರುಮಾಡಿದರು. ಅಜ್ಜಿಗೆ ಮಾತಿನ ಚಟ. "ಅಲ್ಲಾ ಮೇಡಮ್ಮಾ, ಮಂಗ್ಳವಾರ ಬಂತು ಅಂದ್ರೆ ಯಾರೋ ಒಬ್ಬ ಮಂತ್ರಿ ಸತ್ತು ನಿಮ್ ಇಸ್ಕೂಲಿಗೆ ರಜ ಆಯ್ತದಲ್ಲ, ಅದ್ಯಾಕೆ?"

ನಾನು ಸೊಪ್ಪಿನ ರಾಶಿಯ ಹಿಂದಕ್ಕೆ ಸರಿದೆ. ಶಾಲೆಗೆ ಜ್ವರದ ಚೀಟಿ, ಮನೆಗೆ ಮಂತ್ರಿಯ ಸಾವು. ಹೀಗೆ ಎರಡು ಕಡೆಯೂ ನಾನು ವ್ಯವಸ್ಥೆ ಮಾಡಿಕೊಂಡಿದ್ದೆ.

ಮೇಡಂ ನನ್ನನ್ನೊಮ್ಮೆ ನೋಡಿದರು. "ನನಗೂ ಈಗಲೇ ಗೊತ್ತಾದದ್ದು ಅಜ್ಜಿ," ಎಂದರು. ಆಮೇಲೆ, "ಈ ನಾಲ್ಕನೇ ಜ್ವರ ಒಂದು ಬೆಳೆಗೆ ಎಷ್ಟು ಸಲ ಬರ್ತದೆ?"

"ಒಂದೇ ಸಲ ಕಣವ್ವ. ಅದ್ಕೇ ಅಲ್ವಾ ನಾಕ್ನೇದು ಅನ್ನೋದು?"

ಆ ತಿಂಗಳಿನ ನನ್ನ ಐದು ಚೀಟಿಗಳು ಅವರ ಬ್ಯಾಗಿನಲ್ಲೇ ಇದ್ದವು. ಅವರು ಬ್ಯಾಗಿನ ಜಿಪ್ ಎಳೆದು ಮುಚ್ಚಿ, ಸೊಪ್ಪು ಬಿಡಿಸುತ್ತಾ ಕೂತರು.

ಮುಂದಿನ ಸಲ ಬಂದಾಗ ಆಟದ ಕೋಣೆಗೆ ಕರೆದರು. ಬೈಗುಳಕ್ಕೆ ಸಿದ್ಧಳಾಗಿ ಹೋದೆ.

"ಮೊನ್ನೆ ತೀರಿಕೊಂಡದ್ದು ಯಾವ ಮಂತ್ರಿ ಮಾರಾಯ್ತಿ?"

"ರೇ... ರೇ... ರೇ..."

ನಾನು ತೊದಲುತ್ತಿದ್ದೆ. ಮಂಗಳವಾರ ಕನ್ನಡ ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ ಪಾಠ ಓದಿಸುತ್ತಿದ್ದರು. ನನ್ನ ಸರದಿಗೆ ಇಡೀ ತರಗತಿ ಮೊದಲೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಾಯುತ್ತಿತ್ತು. ಮನೆಯಲ್ಲಾದರೋ ಅರ್ಧ ಮಾತು ಬರುವಷ್ಟರಲ್ಲಿ ಉಳಿದರ್ಧವನ್ನು ಅವರೇ ಹೇಳಿ ಮುಗಿಸುತ್ತಿದ್ದರು, ಅದೂ ಬಹಳ ಸಲ ತಪ್ಪಾಗಿ. ಮೇಡಂ ಮುಗಿಸಲಿಲ್ಲ. ಬಾಯಿ ತೆರೆದುಕೊಂಡು ಕೂತೇ ಇದ್ದರು.

"ರೇಷ್ಮೆ ಮಂತ್ರಿ," ಎಂದೆ ಕೊನೆಗೆ.

ಆಗ ನಕ್ಕರು ನೋಡಿ! ಡ್ರಮ್ಮಿನ ಮೇಲೆ ಕೈಯೂರಿದ್ದಕ್ಕೆ ಅದೂ ಧಡ್ ಎಂದಿತು. ನಾನೂ ನಕ್ಕುಬಿಟ್ಟೆ. ಅವರು ನಕ್ಕದ್ದು ಮಂತ್ರಿಗೆ, ನನ್ನ ತೊದಲಿಗಲ್ಲ ಎಂದು ತಿಳಿಯುವಷ್ಟು ಬುದ್ಧಿ ನನಗಿತ್ತು. ನಗು ನಿಂತ ಮೇಲೆ ಅಳುತ್ತಾ ಎಲ್ಲವನ್ನೂ ಹೇಳಿದೆ.

"ಅಜ್ಜಿಗೂ ನೀನೇ ಹೇಳಬೇಕು. ನಾನು ಪಕ್ಕದಲ್ಲಿ ಕೂತಿರ್ತೇನೆ," ಎಂದರು.

ಹೇಳಿದೆ. ಅಜ್ಜಿ ಸೆರಗು ಬಿಗಿದಳು. "ಅಂಗಾರೆ ನಾನು ಅಷ್ಟು ಮಂತ್ರಿಗೋಳ್ಗೂ ಅಯ್ಯೋ ಪಾಪ ಅಂದಿದ್ದು ದಂಡವಾ? ಸುಳ್ಳೇಳಕ್ಕೆ ಇಸ್ಕೂಲಿಗ್ಯಾಕೋಗ್ಬೇಕು? ಮನೇಲೇ ಕೂತ್ಕಂಡು ಹೇಳ್ಲಿ. ನಾಳೆಯಿಂದ ಸೊಪ್ಪು ಕುಯ್ಲಿ."

ಅಜ್ಜಿಯ ಮಾತೆಂದರೆ ನಮ್ಮ ಮನೆಯಲ್ಲಿ ಕೊನೆಯ ಮಾತು. ನನ್ನ ಓದು ಅಲ್ಲಿಗೆ ಮುಗಿಯಿತು ಅಂದುಕೊಂಡೆ.

"ಒಂದು ಬೆಳೆಯಷ್ಟು ದಿನ ಕೊಡಿ ಅಜ್ಜಿ," ಎಂದರು ಮೇಡಂ. "ಸರಿಹೋಗದಿದ್ದರೆ ಇವಳ ಬದಲು ನಾನೇ ಬಂದು ಸೊಪ್ಪು ಕುಯ್ತೇನೆ."

ಅಜ್ಜಿ ಅವರ ಮುಂದಿದ್ದ ಹಿಡಿಯಷ್ಟು ಸೊಪ್ಪನ್ನು ನೋಡಿದಳು. "ನೀನು ಕುಯ್ದ್ರೆ ನಮ್ ಹುಳ ಉಪಾಸ ಸಾಯ್ತವೆ. ಕರ್ಕಂಡೋಗವ್ವ."

ಆ ತಿಂಗಳು ಮೇಡಂ ಕನ್ನಡ ಮೇಷ್ಟ್ರನ್ನು ಕಾಡಿ, ಓದನ್ನು ಇಬ್ಬಿಬ್ಬರಾಗಿ ಮಾಡಿಸಿದರು. "ಇದೇನ್ ಕ್ಲಾಸೋ ಭಜನೆಯೋ?" ಎಂದು ಮೇಷ್ಟ್ರು ಗೊಣಗಿದರೂ, ಜೊತೆಗೊಂದು ದನಿಯಿದ್ದರೆ ನನ್ನ ಮಾತು ತಡವರಿಸುತ್ತಿರಲಿಲ್ಲ. ಇನ್ನೊಂದು ದಿನ ನನ್ನ ಕೈಲಿ ಒಂದು ತಟ್ಟೆ ಹುಳ ತರಿಸಿ, "ನನಗೆ ಏನೂ ಗೊತ್ತಿಲ್ಲ, ಇವತ್ತು ಇವಳೇ ಟೀಚರು," ಎಂದು ಮೊದಲ ಬೆಂಚಿನಲ್ಲಿ ಹುಡುಗಿಯರ ಮಧ್ಯೆ ತೂರಿಕೊಂಡು ಕೂತರು. ನಾನು ತಡವರಿಸಿದಾಗಲೆಲ್ಲ ಒಂದು ಪೆದ್ದು ಪ್ರಶ್ನೆ. "ಇದಕ್ಕೆ ಹಾಲು ಕುಡಿಸ್ತೀರಾ?" "ಇದು ಕೂಗ್ತದಾ?" ತರಗತಿ ಬಿದ್ದು ಬಿದ್ದು ನಕ್ಕಿತು, ಅವರನ್ನು ನೋಡಿ. ಅಷ್ಟರಲ್ಲಿ ಒಂದು ಹುಳ ಅವರ ಸೀರೆ ಮೇಲೆ ಬಿತ್ತು. "ಅಯ್ಯಯ್ಯೋ!" ಎಂದು ಬೆಂಚು ಹತ್ತಿದರು.

"ಮೇಡಂ, ಅಲ್ಲಾಡ್ಬೇಡಿ! ಅದಕ್ಕೆ ನೋವಾಯ್ತದೆ!" ಎಂದು ಕೂಗಿದೆ. ಒಂದಕ್ಷರವೂ ತಡವರಿಸಲಿಲ್ಲ.

ಅಷ್ಟೊತ್ತಿಗೆ ಅವರು ನಮ್ಮ ಜಗಲಿಯಲ್ಲಿ ಎಷ್ಟೋ ಸಂಜೆ ಕೂತು ಅಜ್ಜಿಯಿಂದ ಹುಳದ ಪೂರ್ತಿ ಪುರಾಣ ಕಲಿತಿದ್ದರು. ಅಂಗೈ ಮೇಲೆ ಹುಳ ಬಿಟ್ಟುಕೊಂಡು ಮುದ್ದು ಮಾಡುತ್ತಿದ್ದರು ಕೂಡ. ಅಂದ ಮೇಲೆ ಬೆಂಚು ಯಾಕೆ ಹತ್ತಿದರು ಎಂದು ನನಗೆ ಹೊಳೆದದ್ದು ನಾನೇ ಟೀಚರಾದ ಮೇಲೆ.

ಮೂರು ವರ್ಷವಿದ್ದು ಬೇರೆ ಊರಿಗೆ ಹೋದರು. ಕಾಗದ ಬರೆಯುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಕನಕಪುರದಲ್ಲಿ ಅವರ ಹಳೆಯ ವಿದ್ಯಾರ್ಥಿಗಳು ಒಂದು ಸಭೆ ಇಟ್ಟುಕೊಂಡಿದ್ದರು. ಮಾಗಡಿಯಿಂದ ಬಂದಿದ್ದ ಒಬ್ಬಾಕೆ ಮೇಡಂಗೆ ಮುದ್ದೆ ತಿರುವಲು ತಾನೇ ಕಲಿಸಿದ್ದು ಎಂದಳು. ಉಯ್ಯಂಬಳ್ಳಿಯ ಕುರಿಗಾಹಿಯೊಬ್ಬರು, ಕುರಿಗೂ ಮೇಕೆಗೂ ವ್ಯತ್ಯಾಸ ತಿಳಿಸಿದ್ದು ತಾನೇ ಎಂದು ಹೆಮ್ಮೆಪಟ್ಟರು. ಪಾಪ, ಏನೂ ಗೊತ್ತಿಲ್ಲದ ಹೆಂಗಸು ಎಂದು ಎಲ್ಲರೂ ಕಣ್ಣೊರೆಸಿಕೊಂಡರು.

ನನ್ನ ಸರದಿ ಬಂತು. ಒಬ್ಬೊಬ್ಬರಿಗೆ ಎರಡು ನಿಮಿಷ ಎಂದಿದ್ದರು. ಮೈಕಿನ ಮುಂದೆ ನಿಂತು, "ಮೇ..." ಎಂದೆ. ಅಲ್ಲಿಗೇ ನಿಂತಿತು. ನನ್ನ ತೊದಲು ಪೂರ್ತಿ ಹೋಗಿಲ್ಲ. ಅದನ್ನಿಟ್ಟುಕೊಂಡೇ ಇಷ್ಟು ವರ್ಷ ಕನ್ನಡ ಪಾಠ ಮಾಡಿದ್ದೇನೆ. ಕೆಳಗೆ ಕೂತವರಲ್ಲಿ ಒಬ್ಬರೂ ನಗಲಿಲ್ಲ, ನೆಲ ನೋಡಲಿಲ್ಲ, ನನ್ನ ಬದಲು ಆ ಪದ ಮುಗಿಸಲಿಲ್ಲ. ಸಭೆ ನಡೆಸುತ್ತಿದ್ದವರು ಮಾತ್ರ ಗಡಿಯಾರ ನೋಡಿಕೊಂಡರು.

ಹಿಂದಿನ ಸಾಲಿನಿಂದ ಆ ಕುರಿಗಾಹಿಯ ದನಿ ಬಂತು: "ಒಸಿ ಸುಮ್ಕಿರಣ್ಣ, ಅವಮ್ಮ ಮಾತಾಡ್ತಾವ್ರೆ."