ನಕ್ಕರೆ ಬೀಳುವವಳು

ಪ್ರಾಣಿಗಳ ಆಸ್ಪತ್ರೆಯಲ್ಲಿ ಬೋನು ತೊಳೆಯುವ ಆಕೆಗೆ ಎಲ್ಲರೂ ಇಟ್ಟ ಹೆಸರು ಗಂಟುಮುಖ. ಬೆಕ್ಕಿನ ಮರಿ ಮಡಿಲಿಗೆ ಹಾರಿದರೂ ಅವಳ ತುಟಿ ಅಲುಗುತ್ತಿರಲಿಲ್ಲ.

"ಒಂದ್ಸಲ ನಕ್ಬಿಡಿ ಅಕ್ಕಾ, ಆಕಾಶವೇನೂ ಬೀಳಲ್ಲ," ಎಂದು ಕಾಂಪೌಂಡರ್ ದಿನವೂ ಕಿಚಾಯಿಸುತ್ತಿದ್ದ.

"ಕೆಲಸ ನೋಡಪ್ಪ," ಎಂದು ಅವಳು ಪೊರಕೆ ಎತ್ತುತ್ತಿದ್ದಳು. ಆಕಾಶ ಬೀಳುವುದಿಲ್ಲ ಎಂದು ಅವಳಿಗೂ ಗೊತ್ತು. ಬೀಳುವವಳು ಅವಳೇ.

ಹರೆಯದಿಂದಲೂ ಹಾಗೆ. ಹಗಲಲ್ಲಿ ಕೂತಲ್ಲೇ ತೂಕಡಿಕೆ. ಮನಸಾರೆ ನಕ್ಕರಂತೂ ಮೊಣಕಾಲು ಬೆಣ್ಣೆ, ನಾಲಿಗೆ ಮರದ ತುಂಡು. ಎಚ್ಚರ ಮಾತ್ರ ತಪ್ಪುತ್ತಿರಲಿಲ್ಲ, ಸುತ್ತಲಿನ ಮಾತೆಲ್ಲ ಕೇಳಿಸುತ್ತಿತ್ತು. ಮಗ ಮೊದಲ ಸಲ "ಅಮ್ಮ" ಅಂದಾಗ ಖುಷಿ ತಡೆಯಲಾಗದೆ ಕೂಸಿನ ಸಮೇತ ಕುಸಿದಳು. ಕೂಸಿನ ಹಣೆ ಹೊಸ್ತಿಲಿಗೆ ಬಡಿಯಿತು. ತೊದಲುತ್ತಾ ಬಿದ್ದಿದ್ದ ಸೊಸೆಯನ್ನು ಕಂಡ ಅತ್ತೆ "ಕುಡುಕಿ" ಎಂದರು. ಗಂಡ ಬಾಯಿ ಮೂಸಿ ನೋಡುವ ಗೋಜಿಗೂ ಹೋಗಲಿಲ್ಲ. ಮಗುವನ್ನು ಇಟ್ಟುಕೊಂಡು ಅವಳನ್ನು ಹೊರಗಟ್ಟಿದರು.

ಅಂದೇ ಅವಳು ನಗುವಿಗೆ ಬೀಗ ಜಡಿದಳು. ಹಣೆಯ ಕಲೆಯನ್ನೂ ಅಜ್ಜಿ ಹೇಳಿದ ಕಥೆಯನ್ನೂ ಹೊತ್ತು ಬೆಳೆದ ಮಗ ಈಗ ಬೇರೆ ಊರಲ್ಲಿದ್ದ. ಯಾವಾಗಲೋ ಒಂದು ಫೋನು. "ನಿನ್ನ ತಪ್ಪಲ್ಲಮ್ಮ" ಎಂದು ಅವನು ಒಮ್ಮೆ ಅಂದರೆ ಸಾಕಿತ್ತು ಅವಳಿಗೆ.

ಒಂದು ಬೆಳಿಗ್ಗೆ ನಿವೃತ್ತ ಮೇಷ್ಟ್ರೊಬ್ಬರು ಕರಿ ನಾಯಿಯನ್ನು ಕರೆತಂದರು. "ಮಾಂಸ ಕಂಡ್ರೆ ಸಾಕು ಡಾಕ್ಟ್ರೇ, ದೊಪ್ಪಂತ ಬೀಳ್ತಾಳೆ."

ಡಾಕ್ಟರಮ್ಮ ಒಂದು ಚೂರು ಮಾಂಸ ಹಿಡಿದರು. ಬಾಲ ಆಡಿತು, ಹಿಂಗಾಲು ಮಡಚಿತು, ನಾಯಿ ನೆಲಕ್ಕೆ ಒರಗಿತು. ಕಣ್ಣು ಮಾತ್ರ ಚೂರಿನ ಮೇಲೇ.

ಗಂಟುಮುಖದ ಕೈಯಿಂದ ಬಕೆಟ್ ಜಾರಿತು.

"ಎಚ್ಚರ ಕಾಯೋಕೆ ಅಂತ ಮೆದುಳಲ್ಲಿ ಒಂದು ರಾಸಾಯನಿಕ ಇದೆ, ಒರೆಕ್ಸಿನ್," ಎಂದರು ಡಾಕ್ಟರಮ್ಮ. "ಅದನ್ನ ಹಿಡ್ಕೊಳ್ಳೋ ಕೊಂಡಿ ಇವಳಲ್ಲಿ ಹುಟ್ಟಿನಿಂದಲೇ ಹಾಳು. ಅಪ್ಪ ಅಮ್ಮನಿಂದ ಬಂದ ಜೀನಿನ ದೋಷ. ನಿದ್ದೇಲಿ ಕೈಕಾಲು ಸಡಿಲ ಆಗುತ್ತಲ್ಲ, ಇವಳಿಗೆ ಖುಷಿಯಾದ್ರೆ ಎಚ್ಚರದಲ್ಲೇ ಹಾಗಾಗುತ್ತೆ."

ಮೇಷ್ಟ್ರು ನಾಯಿಯ ತಲೆ ಸವರಿದರು. "ನಿನ್ ತಪ್ಪಲ್ಲ ಕಣೇ ಕಂದ."

"ಮನುಷ್ಯರಿಗೂ ಬರುತ್ತಾ ಅಮ್ಮ?" ಎಂದಳು ಗಂಟುಮುಖ.

"ಬರುತ್ತೆ. ಅವರಲ್ಲಿ ಆ ರಾಸಾಯನಿಕ ಮಾಡೋ ಜೀವಕೋಶಗಳೇ ಸತ್ತುಹೋಗಿರುತ್ತೆ. ಯಾಕಕ್ಕ?"

"ನಂಗೂ ಇದೇ."

ಕಾಂಪೌಂಡರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನೀವು ನಕ್ಕಿದ್ದನ್ನ ಕಂಡೋರು ಯಾರಕ್ಕ!"

"ದೊಡ್ಡಾಸ್ಪತ್ರೇಲಿ ತೋರಿಸಿ," ಎಂದು ಡಾಕ್ಟರಮ್ಮ ನಾಯಿಯ ಕಡೆ ತಿರುಗಿದರು.

ಅವಳಿಗೆ ತಡೆಯಲಾಗಲಿಲ್ಲ. ಬೋನು ತೊಳೆದಿಟ್ಟ ಹಿಂದಿನ ಕೋಣೆಗೆ ಹೋಗಿ ಮಗನಿಗೆ ಫೋನು ಮಾಡಿ, ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು.

"ಈಗ ನಾಯಿ ಕಾಯಿಲೆ ನೆಪ ಸಿಕ್ತಾ?" ಎಂದ ಮಗ. "ಸರಿ, ವಿಡಿಯೋ ಹಾಕು. ನಗು, ನೋಡೋಣ."

ನಕ್ಕಳು. ಒಣ ತೆಂಗಿನಗರಿ ಎಳೆದಂಥ ನಗು. ಹಾಳಾದ ಮೊಣಕಾಲು ಕಂಬದ ಹಾಗೆ ನಿಂತಿತ್ತು.

"ಬೇಕಂತ ನಕ್ರೆ ಆಗಲ್ಲ ಕಣೋ. ನಿಜವಾಗ್ಲೂ ಖುಷಿಯಾಗ್ಬೇಕು."

ಅವನು ಹಲ್ಲು ಕಚ್ಚಿದ. ಅಷ್ಟರಲ್ಲಿ ಪರದೆಯ ಅಂಚಿನಿಂದ ಒಂದು ಪುಟ್ಟ ಕೈ ಬಂದು ಅವನ ಮೂಗು ಹಿಡಿಯಿತು.

"ಯಾರೋ ಅದು?"

"ನನ್ ಮಗಳು. ನಿಂಗೆ ಹೇಳೋಣ ಅನ್ನಿಸ್ಲಿಲ್ಲ."

ಕೂಸು ಅಜ್ಜಿಯ ಮುಖ ನೋಡಿ ಬೊಚ್ಚು ಬಾಯಿ ಅಗಲಿಸಿತು. ಇವಳಿಗೆ ಬೀಗ ಮರೆತೇಹೋಯಿತು. ಮುಖ ಅರಳಿತು, ಕಾಲು ಕಳಚಿತು. ಫೋನು ಬೋನಿನಡಿಗೆ ಉರುಳಿತು, ಅವಳು ಒದ್ದೆ ನೆಲಕ್ಕೆ.

"ಅಮ್ಮಾ? ಏನೂ ಕಾಣಿಸ್ತಿಲ್ಲ. ಅಮ್ಮಾ!"

"ಮ್... ಮೊಮ್..."



"ಬೆಳಿಗ್ಗೇನೇ ಹಾಕಿದೀಯಾ? ನಮ್ಮಜ್ಜಿ ಹೇಳಿದ್ದು ಸುಳ್ಳಲ್ಲ ಬಿಡು."

ಒಂದೊಂದು ಅಕ್ಷರವೂ ಕೇಳಿಸಿತು. ನಾಲಿಗೆ ಏಳುವ ಹೊತ್ತಿಗೆ ಮಗ ಫೋನು ಇಟ್ಟಾಗಿತ್ತು.

ಎದ್ದು, ನೆಲ ಒರೆಸಿ, ಬಕೆಟ್ ಹಿಡಿದು ಹೊರಗೆ ಬಂದಳು.

"ಸೀರೆ ಯಾಕಕ್ಕ ಇಷ್ಟು ಒದ್ದೆ?" ಎಂದ ಕಾಂಪೌಂಡರ್. "ನಕ್ಕು ಬಿದ್ರಾ?"

"ಕೆಲಸ ನೋಡಪ್ಪ."