ಗಾಯ ಕಾಣದ ಪೆಟ್ಟು

ತುರುವನೂರಿನ ಆಚೆಗಿನ ಹಟ್ಟಿಯಲ್ಲಿ ಇನ್ನೂ ಮಬ್ಬುಗತ್ತಲೆ. ಕೂಡಿಹಾಕಿದ ಮರಿಗಳೆಲ್ಲ ಒಟ್ಟಿಗೆ ಅರಚುತ್ತಿವೆ. ಐವತ್ತು ದಾಟಿದ ಕುರಿಗಾಹಿ ಚಿಕ್ಕತಿಮ್ಮಪ್ಪ ಸದ್ದು ತಾಳಲಾರದೆ ಕಿವಿಗೆ ಟವೆಲ್ ಬಿಗಿದುಕೊಂಡು, ಒಂದು ಮರಿ ಎತ್ತಿ ಹಿಡಿದು ನಿಂತಿದ್ದಾರೆ. ಯಾವ ತಾಯಿಯ ಮೊಲೆಗೆ ಬಿಡಬೇಕೆಂದು ಹೊಳೆಯುತ್ತಿಲ್ಲ. ತಗ್ಗಿದ ದನಿಯಲ್ಲಿ ಹೆಂಡತಿಯನ್ನು ಕರೆಯುತ್ತಾರೆ: "ಜಯಾ, ಇದು ಯಾವುದರ ಮರಿ?"

ಹುಟ್ಟಿದ ಮರಿಯನ್ನು ಒಮ್ಮೆ ಕಂಡರೆ ಸಾಕು, ಇಡೀ ಮಂದೆಯಲ್ಲಿ ಅದರ ತಾಯಿಯನ್ನು ತೋರಿಸುತ್ತಿದ್ದವರು ಇದೇ ಚಿಕ್ಕತಿಮ್ಮಪ್ಪ. ಕಳೆದ ಬೇಸಿಗೆಯಲ್ಲಿ ಸೊಪ್ಪು ಕಡಿಯಲು ಮರ ಹತ್ತಿದಾಗ ಕೊಂಬೆ ಮುರಿದು ಬಿದ್ದರು, ತಲೆ ನೆಲಕ್ಕೆ ಬಡಿಯಿತು. ಎಚ್ಚರ ತಪ್ಪಲಿಲ್ಲ, ಒಮ್ಮೆ ವಾಂತಿಯಾಯಿತು, ಅಷ್ಟೆ. ಮಾರನೆಯ ದಿನವೇ ಬಿಸಿಲಲ್ಲಿ ಕುರಿಗಳ ಹಿಂದೆ ಹೊರಟರು. ತಲೆನೋವು ಬಿಡಲಿಲ್ಲ, ನಿದ್ದೆ ಹತ್ತಲಿಲ್ಲ, ಮರಿಗಳ ಗುರುತೂ ತಪ್ಪತೊಡಗಿತು. ಚಿತ್ರದುರ್ಗದಲ್ಲಿ ಸ್ಕ್ಯಾನ್ ಮಾಡಿಸಿದರೆ ಏನೂ ಕಾಣಲಿಲ್ಲ.

"ಗಾಯ ಇದ್ರೆ ತೋರಿಸ್ಬೌದಿತ್ತು. ಭಾವಮೈದ ಉಗ್ರಪ್ಪ, 'ಮೈಗಳ್ಳ ಆಗ್ಬಿಟ್ಟೆ ಬಿಡು ಭಾವ' ಅಂದ. ನಾನೂ ನಕ್ಕೆ. ಒಳಗೊಳಗೇ ಸತ್ತೋದೆ" ಎನ್ನುತ್ತಾರೆ.

ಆ ದಿನಗಳಲ್ಲಿ ಗುರುತು ಹತ್ತದಿದ್ದರೂ ಅವರು ಯಾರನ್ನೂ ಕೇಳಲಿಲ್ಲ. ಅಂದಾಜಿನ ಮೇಲೆ ಮರಿ ಬಿಟ್ಟರು. ತಮ್ಮದಲ್ಲದ ಮರಿಗಳನ್ನು ಕುರಿಗಳು ಗುಮ್ಮಿ ದೂಡಿದವು. ಎಳೆಯ ಮರಿಯೊಂದು ಹಾಲಿಲ್ಲದೆ ಸೊರಗಿ ಸತ್ತಿತು. ಏನಾಯಿತೆಂದು ಜಯಕ್ಕ ಕೇಳಿದರು, ಮತ್ತೆ ಕೇಳಿದರು. ಅವರ ಕೆನ್ನೆಗೆ ಏಟು ಬಿತ್ತು. ಮದುವೆಯಾದಂದಿನಿಂದ ಒಮ್ಮೆಯೂ ಮೇಲೇಳದ ಕೈ ಅದು.

"ಹೊಡೆದದ್ದಕ್ಕಿಂತ, ಅಮ್ಯಾಲೆ ಗೋಡೆ ಕಡೆ ಮುಖ ಮಾಡ್ಕಂಡು ಅತ್ತಿದ್ದು ನೋಡಿ ಹೆದರ್ಕಂಡೆ" ಎನ್ನುತ್ತಾರೆ ಜಯಕ್ಕ. ಅಂದೇ ಚಿಕ್ಕತಿಮ್ಮಪ್ಪ ಹೆಂಡತಿಗೆ ಎಲ್ಲವನ್ನೂ ಹೇಳಿದ್ದು.

ಜಯಕ್ಕ ಗಂಡನನ್ನು ಹಿರಿಯೂರಿನ ಡಾಕ್ಟರ್ ಯಶೋದಾ ಬಳಿ ಕರೆದೊಯ್ದರು. ಮೊದಲೇ ಅರೆತಲೆನೋವಿತ್ತು, ಬಿದ್ದ ಮೇಲೆ ವಿಶ್ರಾಂತಿಯಿಲ್ಲ, ನಿದ್ದೆಯಿಲ್ಲ, ಸಾಲದ್ದಕ್ಕೆ ಮುಚ್ಚಿಟ್ಟ ಚಿಂತೆ. "ಇಂಥ ಪೆಟ್ಟು ಸ್ಕ್ಯಾನಲ್ಲಿ ಕಾಣದೇ ಇರಬಹುದು. ನಿಮ್ಮ ತೊಂದರೆ ಸುಳ್ಳಲ್ಲ. ಇವೆಲ್ಲ ಸೇರಿ ಬೇಗ ವಾಸಿಯಾಗೋಕೆ ಬಿಡ್ತಿಲ್ಲ, ಅಷ್ಟೆ" ಎಂದರು ಡಾಕ್ಟರ್.

ಈಗ ಮಧ್ಯಾಹ್ನ ಮಂದೆಯನ್ನು ಉಗ್ರಪ್ಪ ಹೊಡೆದುಕೊಂಡು ಹೋಗುತ್ತಾನೆ, ಇವರು ಮಲಗುತ್ತಾರೆ. ತಲೆನೋವು ಇಳಿದಿದೆ. ನೆನಪು ಇನ್ನೂ ಪೂರ್ತಿ ಮರಳಿಲ್ಲ. ಜಯಕ್ಕನ ಮುಖವನ್ನು ನೇರ ನೋಡಿ ಮಾತಾಡುವುದೂ ಕಷ್ಟವೇ.

ಮೊನ್ನೆ ಪಕ್ಕದ ಹಟ್ಟಿಯ ಹುಲಿಗೆಮ್ಮ, ತಮ್ಮ ಮರಿಗಳು ಅದಲುಬದಲಾಗಿವೆ, ಬಂದು ನೋಡಬೇಕೆಂದು ಕರೆದರು. ಮೈ ಹುಷಾರಿಲ್ಲ ಎನ್ನಬಹುದಿತ್ತು. ಉಗ್ರಪ್ಪನ ಎದುರೇ ಚಿಕ್ಕತಿಮ್ಮಪ್ಪ ಅಂದರು: "ನಂಗೀಗ ಗುರುತು ಸಿಗಲ್ಲ ಕಣಕ್ಕ. ಜಯನ್ನ ಕರ್ಕಂಡು ಹೋಗ್ರಿ."

"ಹೇಳುವಾಗ ತಲೆ ಎತ್ತಾಕೆ ಆಗ್ಲಿಲ್ಲ" ಎನ್ನುತ್ತಾರೆ. "ಆದ್ರೂ ಹೇಳ್ದೆ ನೋಡ್ರಿ."